ಅಳೆದು ಹೇಳಿ: ಪ್ರಾಣಿಗಳ ಕೀಲಿಗೆ ಕಾಂಡಕೋಶ ಚುಚ್ಚುವವರಿಗೂ ಅದಕ್ಕೆ ಅನುಮತಿ ಕೊಡುವವರಿಗೂ ಒಂದು ಬಹಿರಂಗ ಪತ್ರ

ಪಶುವೈದ್ಯಕೀಯ ಔಷಧಗಳ ನಿಯಂತ್ರಣ ಪ್ರಾಧಿಕಾರಗಳ ಮುಖ್ಯಸ್ಥರಿಗೆ, ಪಶುವೈದ್ಯ ಪರಿಷತ್ತುಗಳ ಪದಾಧಿಕಾರಿಗಳಿಗೆ ಹಾಗೂ ಸಾಕುಪ್ರಾಣಿಗಳ ಕೀಲುಗಳಿಗೆ ಕೋಶ ಚಿಕಿತ್ಸೆ ನೀಡುತ್ತಿರುವ ಎಲ್ಲ ವೈದ್ಯರಿಗೆ,

ಮಾನ್ಯರೇ,

ಕೀಲು ಸವೆದು ನರಳುವ ನಾಯಿ, ಬೆಕ್ಕು, ಕುದುರೆಗಳಿಗೆ ಕಾಂಡಕೋಶ (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆಯ ಹೆಸರಿನಲ್ಲಿ ಇಂದು ನಡೆಯುತ್ತಿರುವುದರ ಕಡೆಗೆ ನಿಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನಾನು ವೈದ್ಯಕೀಯ ಓದಿದವಳಲ್ಲ. ಸೊಂಟದ ಎರಡೂ ಕೀಲುಗಳು ಹಾಳಾಗಿರುವ ಲ್ಯಾಬ್ರಡಾರ್ ನಾಯಿಯೊಂದನ್ನು ಸಾಕಿರುವವಳು. ಅದಕ್ಕೆ ಈ ಚಿಕಿತ್ಸೆ ಮಾಡಿಸಿದ್ದೇನೆ, ಆ ಚಿಕಿತ್ಸೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ, ಆಮೇಲೆ ಈ ಬಗ್ಗೆ ಕೈಗೆ ಸಿಕ್ಕಿದ ಅಧ್ಯಯನಗಳನ್ನೆಲ್ಲ ಓದಿದ್ದೇನೆ. ಈ ಚಿಕಿತ್ಸೆಯನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅದರಲ್ಲಿ ಹುರುಳಿದೆ ಎಂದೇ ನಂಬಿದ್ದೇನೆ. ಹುರುಳಿರುವ ಒಂದು ಚಿಕಿತ್ಸೆಯನ್ನು ಅಳತೆಯಿಲ್ಲದೆ, ದಾಖಲೆಯಿಲ್ಲದೆ, ಹೇಳುವವರು ಕೇಳುವವರಿಲ್ಲದೆ ಮಾರಲು ಬಿಟ್ಟಿರುವುದೇ ನನ್ನ ದೂರು.

ಮೂಳೆಯ ತುದಿಗಳನ್ನು ಹೊದ್ದುಕೊಂಡಿರುವ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ರಕ್ತ ಹರಿಯದ ಅಂಗಾಂಶ ತಾನಾಗಿ ಮಾಯುವುದು ತೀರಾ ಕಷ್ಟ. ನರಗಳಿಲ್ಲದ ಕಾರಣ ಸವೆತ ಶುರುವಾದದ್ದು ಪ್ರಾಣಿಗೂ ತಿಳಿಯುವುದಿಲ್ಲ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಕೀಲಿನ ಒಳಪೊರೆ ಉರಿಯೂತದಿಂದ ಬಾತುಕೊಂಡಿರುತ್ತದೆ, ಅಂಚಿನಲ್ಲಿ ಮೂಳೆಯ ಮುಳ್ಳುಗಳು ಬೆಳೆದಿರುತ್ತವೆ, ಕಾಲಿನ ಸ್ನಾಯು ಕರಗಲು ತೊಡಗಿರುತ್ತದೆ. ನಾಯಿಗಳಲ್ಲಿ ಇದರ ಹಿಂದೆ ಬಹುಪಾಲು ಹುಟ್ಟಿನಿಂದಲೋ ಬೆಳವಣಿಗೆಯಿಂದಲೋ ಬಂದ ಸಡಿಲ ಸೊಂಟ, ಸರಿಯಾಗಿ ಕೂಡದ ಮೊಣಕೈ ಇಲ್ಲವೇ ಹರಿದ ಮಂಡಿಯ ತಂತು ಇರುತ್ತದೆ. ಬೆಕ್ಕುಗಳು ಕುಂಟುವುದು ಅಪರೂಪ. ಎತ್ತರಕ್ಕೆ ನೆಗೆಯುವುದನ್ನು ಬಿಟ್ಟು ಸುಮ್ಮನಾಗುತ್ತವೆ, ವಯಸ್ಸಾಯಿತು ಎಂದುಕೊಂಡು ನಾವೂ ಸುಮ್ಮನಾಗುತ್ತೇವೆ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳಿಗೆ ಕೀಲು ಇಲ್ಲವೇ ಬೆನ್ನುಮೂಳೆಯ ಸವೆತದ ಗುರುತುಗಳಿದ್ದವು.

ಇದಕ್ಕೆ ನಮ್ಮ ಬಳಿ ಇರುವ ಮದ್ದುಗಳು ಕಡಿಮೆ. ಕಾರ್ಪ್ರೊಫೆನ್, ಮೆಲಾಕ್ಸಿಕಾಂನಂಥ ಉರಿಯೂತ ಶಮನಕಾರಿಗಳು ನೋವು ತಗ್ಗಿಸುತ್ತವೆ ನಿಜ. ಆದರೆ ವರ್ಷಗಟ್ಟಲೆ ಕೊಡುವಾಗ ಹೊಟ್ಟೆ, ಮೂತ್ರಪಿಂಡ, ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು. ಕೆಲವು ಪ್ರಾಣಿಗಳಿಗೆ ಅವು ಒಗ್ಗುವುದೇ ಇಲ್ಲ. ಹೀಗಿರುವಾಗ ಪ್ರಾಣಿಯ ಕೊಬ್ಬಿನಿಂದಲೋ ಅಸ್ಥಿಮಜ್ಜೆಯಿಂದಲೋ ಕೋಶಗಳನ್ನು ತೆಗೆದು, ಬೆಳೆಸಿ, ಕೀಲಿಗೆ ಚುಚ್ಚಿದರೆ ಉಪಶಮನ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿ ನೆಟ್ಟಗಾಗುವುದು ಸಹಜ. ನಾನು ಆ ಆಸೆಯನ್ನು ತಪ್ಪೆನ್ನುವುದಿಲ್ಲ. ಆಸೆಗೆ ಎದುರಾಗಿ ಏನನ್ನು ಕೊಡಲಾಗುತ್ತದೆ ಎಂಬುದೇ ಪ್ರಶ್ನೆ.

ನಮಗೆ ಹೇಳಿದ್ದು ಹೀಗೆ: "ಈ ಕೋಶಗಳು ಕೀಲಿನೊಳಗೆ ಹೋಗಿ ಹೊಸ ಮೃದ್ವಸ್ಥಿಯನ್ನು ಬೆಳೆಸುತ್ತವೆ." ಕೈಗಿತ್ತ ಬಣ್ಣದ ಕರಪತ್ರದಲ್ಲೂ ಒಂದು ಕಡೆ ಸವೆದು ಹರುಕಾದ ಕೀಲು, ಇನ್ನೊಂದು ಕಡೆ ನುಣುಪಾದ ಬಿಳಿ ಕೀಲು. ಎರಡರ ನಡುವೆ ಒಂದು ಬಾಣದ ಗುರುತು. ಆ ಬಾಣದ ಗುರುತಿಗೆ ಇಂದಿನ ವಿಜ್ಞಾನದಲ್ಲಿ ಆಧಾರವಿಲ್ಲ. ಕೀಲಿಗೆ ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಅಲ್ಲಿ ಬಹುಕಾಲ ಬದುಕುವುದಿಲ್ಲ. ಕೆಲವು ಒಳಪೊರೆಗೆ ಅಂಟಿಕೊಳ್ಳುತ್ತವೆ, ವಾರಗಳಲ್ಲಿ ಕಣ್ಮರೆಯಾಗುತ್ತವೆ. ಇರುವಷ್ಟು ಕಾಲ ಅವು ಸ್ರವಿಸುವ ವಸ್ತುಗಳು ಸುತ್ತಲಿನ ರೋಗನಿರೋಧಕ ಕೋಶಗಳನ್ನು ಶಾಂತಗೊಳಿಸಿ ಉರಿಯೂತವನ್ನು ತಗ್ಗಿಸುತ್ತವೆ ಎಂಬುದು ಈಗ ಹೆಚ್ಚಿನ ಸಂಶೋಧಕರು ಒಪ್ಪುವ ವಿವರಣೆ. 1991ರಲ್ಲಿ ಈ ಕೋಶಗಳ ಬಗ್ಗೆ ಬರೆದು ಇಡೀ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಅಮೆರಿಕದ ಜೀವವಿಜ್ಞಾನಿ ಅರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ಇವು ದೇಹದೊಳಗೆ ಹೊಸ ಅಂಗಾಂಶವಾಗಿ ಬೆಳೆಯುವುದಕ್ಕಿಂತ ಔಷಧದಂತಹ ಸಂಕೇತಗಳನ್ನು ಸ್ರವಿಸಿ ಕೆಲಸ ಮಾಡುತ್ತವೆ ಎಂದು ವಾದಿಸಿದರು. ಇದು ಸಣ್ಣ ಲಾಭವಲ್ಲ. ಕೆಲವು ತಿಂಗಳು ನೋವು ತಗ್ಗಿದರೆ ಮುದಿ ನಾಯಿಗೆ ಅದೇ ದೊಡ್ಡದು. ಹಾಗಾದರೆ ಅಷ್ಟನ್ನೇ ಹೇಳಿ. ಕೆಲವು ತಿಂಗಳ ಉಪಶಮನವನ್ನು ಹೊಸ ಕೀಲೆಂದು ಮಾರಿದರೆ, ಮತ್ತೆ ಕುಂಟು ಶುರುವಾದಾಗ ಅದು ಕಾಯಿಲೆಯ ಸಹಜ ನಡೆಯೋ ಚಿಕಿತ್ಸೆಯ ಸೋಲೋ ಎಂಬುದು ಸಾಕಿದವರಿಗೆ ತಿಳಿಯುವುದಾದರೂ ಹೇಗೆ?

ನಾನು ಕಣ್ಣಾರೆ ಕಂಡದ್ದನ್ನು ಈಗ ಹೇಳುತ್ತೇನೆ. ಯಾವ ಚಿಕಿತ್ಸಾಲಯ ಎಂದು ಬರೆಯುವುದಿಲ್ಲ, ಏಕೆಂದರೆ ಒಂದು ಬಾಗಿಲನ್ನು ತೋರಿಸಿದರೆ ಉಳಿದ ಬಾಗಿಲುಗಳು ಮರೆಯಾಗುತ್ತವೆ. ನಮ್ಮ ನಾಯಿಗೆ ಅರಿವಳಿಕೆ ಕೊಟ್ಟು ಭುಜದ ಹಿಂಭಾಗದಿಂದ ಕೊಬ್ಬನ್ನು ತೆಗೆದರು. ಅದು ಪ್ರಯೋಗಾಲಯಕ್ಕೆ ಹೋಯಿತು. ವಾರಗಳ ನಂತರ ತಣ್ಣನೆಯ ಪೆಟ್ಟಿಗೆಯಲ್ಲಿ ಬೆರಳುದ್ದದ ಬಾಟಲಿ ಬಂತು. ಅದರ ಮೇಲೆ ನಾಯಿಯ ಹೆಸರು, ಒಂದು ದಿನಾಂಕ, ಅಷ್ಟೇ. ಒಳಗೆ ಎಷ್ಟು ಕೋಶಗಳಿವೆ, ಅವುಗಳಲ್ಲಿ ಎಷ್ಟು ಜೀವಂತ, ಪ್ರಯೋಗಾಲಯದಲ್ಲಿ ಎಷ್ಟು ಪೀಳಿಗೆ ಬೆಳೆಸಿದ್ದಾರೆ, ಸೋಂಕಿಲ್ಲವೆಂದು ಪರೀಕ್ಷಿಸಿದ್ದಾರೆಯೇ? ಕೇಳಿದೆ. "ಎಲ್ಲವೂ ಪ್ರಯೋಗಾಲಯದವರ ಬಳಿ ಇರುತ್ತದೆ" ಎಂಬ ಉತ್ತರ ಸಿಕ್ಕಿತು. ಸಾಮಾನ್ಯ ಜ್ವರದ ಮಾತ್ರೆಯ ಹಾಳೆಯ ಮೇಲೂ ಎಷ್ಟು ಮಿಲಿಗ್ರಾಂ, ಯಾವ ಬ್ಯಾಚಿನ ತಯಾರಿಕೆ, ಯಾವಾಗ ಅವಧಿ ಮುಗಿಯುತ್ತದೆ ಎಂದು ಅಚ್ಚಾಗಿರುತ್ತದೆ. ಜೀವಂತ ಕೋಶಗಳನ್ನು ಕೀಲಿನೊಳಗೆ ಇಳಿಸುವಾಗ ಅಷ್ಟೂ ಬೇಡವೇ?

ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಆಮೇಲೆ ನಡೆದದ್ದು. ಚುಚ್ಚುಮದ್ದಿಗೆ ಮೊದಲು ನೋವಿನ ಮಾತ್ರೆಯನ್ನು ನಿಲ್ಲಿಸಬೇಕೆಂದರು. ಮಾತ್ರೆ ಕೋಶಗಳ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಮತ್ತೆ ಯಾವಾಗ ಶುರು ಮಾಡಬೇಕೆಂದು ಬರೆದುಕೊಡಲಿಲ್ಲ. ಕೇಳಿದಾಗಲೆಲ್ಲ "ಇನ್ನು ಬೇಕಾಗುವುದಿಲ್ಲ" ಎಂದರು. ಮರುಪರೀಕ್ಷೆ ಎಂದರೆ ಒಂದು ದೂರವಾಣಿ ಕರೆ. "ಹೇಗಿದೆ ನಾಯಿ?" "ಸ್ವಲ್ಪ ಚುರುಕಾಗಿದೆ ಅನಿಸುತ್ತದೆ." ಆ ಒಂದು ಮಾತು ಅವರ ಪುಸ್ತಕದಲ್ಲಿ ಯಶಸ್ಸು ಎಂದು ದಾಖಲಾಯಿತು. ಯಾರೂ ಕೀಲನ್ನು ಮುಟ್ಟಿ ನೋಡಲಿಲ್ಲ, ನಡೆಸಿ ನೋಡಲಿಲ್ಲ.

ಕೊನೆಗೆ ಬೇರೊಬ್ಬ ಪಶುವೈದ್ಯೆ ನೋಡಿದರು. ಅವರ ಬಳಿ ಇದ್ದದ್ದು ಒಂದು ಅಳತೆ ಪಟ್ಟಿ ಮತ್ತು ತಾಳ್ಮೆ. ಎರಡೂ ತೊಡೆಗಳ ಸುತ್ತಳತೆ ತೆಗೆದರು. ಎಡತೊಡೆ ಎದ್ದು ಕಾಣುವಷ್ಟು ಸಣ್ಣಗಾಗಿತ್ತು, ಅಂದರೆ ನಾಯಿ ಆ ಕಾಲಿನ ಮೇಲೆ ಭಾರ ಹಾಕುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹಿಂಗಾಲನ್ನು ನಿಧಾನವಾಗಿ ಹಿಂದಕ್ಕೆ ಎಳೆದಾಗ ನಾಯಿ ಕೂಗಲಿಲ್ಲ. ತಲೆ ತಿರುಗಿಸಿ ಅವರ ಕೈಯನ್ನು ನೋಡಿತು, ತುಟಿ ನೆಕ್ಕಿಕೊಂಡಿತು, ಉಸಿರು ಬಿಗಿಹಿಡಿಯಿತು. ನಂತರ ಅದನ್ನು ಮಲಗಿಸಿ ಎಬ್ಬಿಸಿದರು. ಮುಂಗಾಲುಗಳನ್ನು ನೆಲಕ್ಕೆ ಊರಿ, ಎದೆಯನ್ನು ಮುಂದಕ್ಕೆ ತಳ್ಳಿ, ಇಡೀ ಮೈಯನ್ನು ಭುಜಗಳ ಬಲದಿಂದಲೇ ಎತ್ತಿ, ಕೊನೆಯಲ್ಲಿ ಹಿಂಗಾಲುಗಳನ್ನು ಜೋಡಿಯಾಗಿ ಒಳಗೆಳೆದುಕೊಂಡಿತು. ಹಾಗೆ ಏಳುವುದನ್ನು ನಾವು ಮನೆಯಲ್ಲಿ ದಿನವೂ ನೋಡುತ್ತಿದ್ದೆವು. ಅದಕ್ಕೆ ಏನು ಅರ್ಥ ಎಂದು ಚಿಕಿತ್ಸೆ ಕೊಟ್ಟವರು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಸುಧಾರಿಸಿದೆ ಎಂದು ಹೇಳಿಕೊಳ್ಳುತ್ತಿದ್ದ ಅಷ್ಟೂ ಕಾಲ ನಾಯಿ ಮಾತ್ರೆಯೂ ಇಲ್ಲದೆ ನೋವು ತಿಂದಿತ್ತು. ಮಾತ್ರೆ ಮತ್ತೆ ಶುರುವಾದ ಮೇಲೆ ಅದರ ನಡಿಗೆಯಲ್ಲಿ ಬದಲಾವಣೆ ಕಂಡಿತು. ಆ ಬದಲಾವಣೆಯನ್ನು ಪಟ್ಟಿ ಹಿಡಿದು, ವಿಡಿಯೊ ತೆಗೆದು ಅಳೆಯಲಾಗಿದೆ.

ಇದು ಒಬ್ಬ ವೈದ್ಯರ ಬೇಜವಾಬ್ದಾರಿತನ ಎಂದು ಬದಿಗಿಡಬೇಡಿ. ಪ್ರಾಣಿಗಳ ಕೀಲುನೋವಿನ ವಿಷಯದಲ್ಲಿ ಮನುಷ್ಯರ ಕಣ್ಣು ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದು ಪಶುವೈದ್ಯ ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಕೀಲುರೋಗವಿದ್ದ, ಬರೀ ಹುಸಿಮದ್ದು (ಔಷಧದ ಅಂಶವೇ ಇಲ್ಲದ ಹೋಲಿಕೆಯ ಮದ್ದು) ಪಡೆದ 58 ನಾಯಿಗಳ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಾಲು ನೆಲವನ್ನು ಎಷ್ಟು ಬಲದಿಂದ ಒತ್ತುತ್ತದೆ ಎಂದು ಅಳೆಯುವ ಯಂತ್ರಫಲಕದ ಮೇಲೆ ನಾಯಿಗಳನ್ನು ನಡೆಸಿ, ಆ ಅಳತೆಯನ್ನು ಮನುಷ್ಯರ ಅಭಿಪ್ರಾಯದ ಪಕ್ಕದಲ್ಲಿಟ್ಟು ನೋಡಿದಾಗ, ಯಂತ್ರ ಕಾಣದ ಸುಧಾರಣೆಯನ್ನು ಸಾಕಿದವರು ಕಂಡಿದ್ದರು. ಸಾಕಿದವರಷ್ಟೇ ಅಲ್ಲ, ಪಶುವೈದ್ಯರೂ ಹತ್ತರಲ್ಲಿ ಸುಮಾರು ನಾಲ್ಕು ಬಾರಿ ಹಾಗೆಯೇ ಕಂಡಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ರೋಗಕ್ಕೆಂದೇ ಹುಟ್ಟಿದಂತಿದೆ.

ಕೋಶ ಚಿಕಿತ್ಸೆಯ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಸೊಂಟದ ಕೀಲು ಸವೆದ 21 ನಾಯಿಗಳ ಮೇಲೆ, ಕೊಬ್ಬಿನಿಂದ ತೆಗೆದ ಕೋಶಗಳನ್ನು ಹುಸಿಮದ್ದಿನೊಂದಿಗೆ ಹೋಲಿಸಿ ನಡೆಸಿದ ಪ್ರಯೋಗ 2007ರಲ್ಲಿ ಪ್ರಕಟವಾಗಿ ಆಸೆ ಹುಟ್ಟಿಸಿತು. 2016ರಲ್ಲಿ ಇನ್ನೂ ದೊಡ್ಡ ಪ್ರಯೋಗ ಬಂತು. ಬೇರೆ ನಾಯಿಯ ಕೊಬ್ಬಿನ ಕೋಶಗಳನ್ನು ಪಡೆದ ನಾಯಿಗಳಲ್ಲಿ ನೂರಕ್ಕೆ ಸುಮಾರು 79 ಸುಧಾರಿಸಿವೆ ಎಂದು ಸಾಕಿದವರು ಹೇಳಿದರು. ಕೋಶಗಳೇ ಇಲ್ಲದ ಚುಚ್ಚುಮದ್ದು ಪಡೆದ ನಾಯಿಗಳಲ್ಲೂ ನೂರಕ್ಕೆ ಸುಮಾರು 55 ಸುಧಾರಿಸಿವೆ ಎಂದೇ ಹೇಳಿದರು! ಎರಡರ ನಡುವಿನ ಅಂತರ ನಿಜವಾದದ್ದು, ಅದಕ್ಕೆ ಬೆಲೆಯಿದೆ. ಆದರೆ "ನಮ್ಮಲ್ಲಿ ಹತ್ತಕ್ಕೆ ಎಂಟು ನಾಯಿಗಳು ಸುಧಾರಿಸಿವೆ" ಎಂದು ಜಾಹೀರಾತಿನಲ್ಲಿ ಹಾಕುವ ಚಿಕಿತ್ಸಾಲಯ ಆ 55ನ್ನೂ ತನ್ನ ಖಾತೆಗೆ ಬರೆದುಕೊಳ್ಳುತ್ತಿದೆ ಎಂಬುದನ್ನು ನೀವು ಗಮನಿಸಬೇಕು.

ಮನುಷ್ಯರಲ್ಲಿ ಹುಸಿಮದ್ದಿನಿಂದ ರೋಗಿಗೇ ಒಂದಿಷ್ಟು ನೆಮ್ಮದಿ ಸಿಗಬಹುದು. ಇಲ್ಲಿ ನೆಮ್ಮದಿ ಸಿಗುವುದು ಸಾಕಿದವರಿಗೆ ಮತ್ತು ವೈದ್ಯರಿಗೆ. ನೋವು ಮಾತ್ರ ಮೂಕಪ್ರಾಣಿಯಲ್ಲಿಯೇ ಉಳಿಯುತ್ತದೆ. ನಾವು ನಂಬಿದಷ್ಟೂ ಅದರ ಮಾತ್ರೆ ನಿಲ್ಲುತ್ತದೆ, ತಪಾಸಣೆ ತಪ್ಪುತ್ತದೆ, ಅದನ್ನು ಹೆಚ್ಚು ಹೆಚ್ಚು ನಡೆಸುತ್ತೇವೆ. ಆದ್ದರಿಂದಲೇ ಬೇರೆಲ್ಲ ಚಿಕಿತ್ಸೆಗಳಿಗಿಂತ ಇದರಲ್ಲಿ ಅಳತೆಯ ಹೊಣೆ ಹೆಚ್ಚು ಎಂದು ನಾನು ಒತ್ತಿ ಹೇಳುತ್ತಿದ್ದೇನೆ.

ನಿಯಂತ್ರಣ ಪ್ರಾಧಿಕಾರಗಳ ಮುಖ್ಯಸ್ಥರೇ, ಇದು ಆಗದ ಕೆಲಸ ಎಂದು ದಯವಿಟ್ಟು ಹೇಳಬೇಡಿ. ಯುರೋಪಿಯನ್ ಒಕ್ಕೂಟ 2019ರಲ್ಲಿ ಕಾಂಡಕೋಶ ಆಧಾರಿತ ಮೊದಲ ಪಶು ಔಷಧಕ್ಕೆ ಪರವಾನಗಿ ಕೊಟ್ಟಿತು. ಕುದುರೆಯ ರಕ್ತದಿಂದ ತೆಗೆದ ಕೋಶಗಳಿಂದ ತಯಾರಿಸಿದ, ಕುದುರೆಗಳ ಕೀಲಿಗೇ ಕೊಡುವ ಆರ್ಟಿ-ಸೆಲ್ ಫೋರ್ಟೆ ಅದು. ಅದೇ ವರ್ಷ ಕುದುರೆಯ ಹೊಕ್ಕುಳಬಳ್ಳಿಯ ಕೋಶಗಳ ಹಾರ್‌ಸ್ಟೆಮ್, 2022ರಲ್ಲಿ ಅದೇ ಬಗೆಯ ಕೋಶಗಳಿಂದ ನಾಯಿಗಳಿಗೆಂದು ಮಾಡಿದ ಡಾಗ್‌ಸ್ಟೆಮ್ ಬಂದವು. ಹೌದು, ಕುದುರೆಯ ಕೋಶಗಳು ನಾಯಿಯ ಕೀಲಿಗೆ. "ಸ್ವಂತ ಕೋಶವಾದರೆ ಮಾತ್ರ ಕೆಲಸ ಮಾಡುತ್ತದೆ" ಎಂದು ನಮ್ಮಿಂದ ಕೊಬ್ಬು ತೆಗೆಸಿದವರು ಇದಕ್ಕೆ ಏನು ಹೇಳುತ್ತಾರೋ ತಿಳಿಯದು. ಈ ಔಷಧಗಳಿಗೆ ಗೊತ್ತಾದ ಪ್ರಮಾಣವಿದೆ, ದಾನಿ ಪ್ರಾಣಿಯ ತಪಾಸಣೆಯಿದೆ, ಅಡ್ಡಪರಿಣಾಮಗಳ ಪಟ್ಟಿಯಿದೆ. ಡಾಗ್‌ಸ್ಟೆಮ್‌ನ ಬಳಕೆಯ ಉದ್ದೇಶ ಎಂದು ಬರೆದಿರುವುದು ಕೀಲು ಸವೆತದಲ್ಲಿ ನೋವು ಮತ್ತು ಕುಂಟು ತಗ್ಗಿಸುವುದು ಎಂದಷ್ಟೇ. ಹೊಸ ಮೃದ್ವಸ್ಥಿಯ ಮಾತು ಅಲ್ಲಿಲ್ಲ. ಪ್ರಾಣಿಗಳಿಗೆ ಬಳಸುವ ಕೋಶ ಉತ್ಪನ್ನಗಳನ್ನು ಔಷಧಗಳೆಂದೇ ಪರಿಗಣಿಸುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ.

ಹಾಗಿದ್ದರೂ ಪ್ರಾಣಿಯ ಕೋಶವನ್ನು ಅದಕ್ಕೇ ಮರಳಿ ಕೊಡುವಾಗ ಅದು ಔಷಧವೇ ಅಲ್ಲ, ಚಿಕಿತ್ಸಾಲಯದೊಳಗಿನ ಒಂದು ವಿಧಾನ ಎಂಬ ವಾದ ಕೇಳಿಬರುತ್ತದೆ. ತನ್ನದೇ ಕೋಶ, ಅಪಾಯವೇನು ಎಂಬುದು ಅದರ ತಿರುಳು. ಆ ಕೋಶಗಳು ದೇಹದ ಹೊರಗೆ ವಾರಗಳನ್ನು ಕಳೆದು ಬಂದಿರುತ್ತವೆ. ಅವುಗಳನ್ನು ಬೆಳೆಸಲು ಹಲವು ಕಡೆ ಕರುವಿನ ಸೀರಂ (ರಕ್ತದಿಂದ ಬೇರ್ಪಡಿಸಿದ ತಿಳಿದ್ರವ) ಬಳಸುತ್ತಾರೆ. ಅದರ ಅಂಶ ಉಳಿದರೆ ಕೀಲು ಪ್ರತಿಕ್ರಿಯಿಸಬಹುದು. ಹೆಚ್ಚು ಪೀಳಿಗೆ ಬೆಳೆಸಿದಷ್ಟೂ ಕೋಶಗಳು ಮುದಿಯಾಗುತ್ತವೆ. ಘನೀಕರಿಸಿ ಕರಗಿಸುವಾಗ ಒಂದು ಪಾಲು ಸಾಯುತ್ತದೆ. ಸೂಜಿಯ ಜೊತೆ ಬ್ಯಾಕ್ಟೀರಿಯ ಒಳಹೊಕ್ಕರೆ ಕೀಲೇ ಕೈತಪ್ಪಬಹುದು. ಚುಚ್ಚಿದ ನಂತರದ ದಿನಗಳಲ್ಲಿ ಕೀಲು ಬಾತು, ಕುಂಟು ಹೆಚ್ಚಾಗುವುದು ತಿಳಿದಿರುವ ಅಡ್ಡಪರಿಣಾಮ. ಅದನ್ನೂ ನಮಗೆ ಮೊದಲು ಹೇಳಿರಲಿಲ್ಲ. ಈಗ ಕೋಶಗಳೇ ಇಲ್ಲದ, ಅವು ಸ್ರವಿಸಿದ ದ್ರವವನ್ನೋ ಅದರಲ್ಲಿನ ಸೂಕ್ಷ್ಮ ಕಣಗಳನ್ನೋ ತುಂಬಿದ ಬಾಟಲಿಗಳೂ ಮಾರಾಟಕ್ಕೆ ಬರುತ್ತಿವೆ. ಎಣಿಸಲು ಕೋಶವೂ ಇಲ್ಲದ ಆ ಬಾಟಲಿಗೆ ಯಾವ ಅಳತೆ?

ಆದ್ದರಿಂದ ನನ್ನ ಮನವಿಗಳು ಇವು. ಸ್ವಂತದ್ದಾಗಲಿ ಬೇರೆಯದಾಗಲಿ, ಬೆಳೆಸಿದ ಕೋಶಗಳ ಪ್ರತಿ ಬಾಟಲಿಯ ಜೊತೆ ಒಂದು ಹಾಳೆ ಬರುವುದು ಕಡ್ಡಾಯವಾಗಲಿ. ಕೋಶಗಳ ಮೂಲ, ಸಂಖ್ಯೆ, ಜೀವಂತ ಕೋಶಗಳ ಪಾಲು, ಎಷ್ಟನೆಯ ಪೀಳಿಗೆ, ಸೋಂಕು ಪರೀಕ್ಷೆಯ ಫಲಿತಾಂಶ ಅದರಲ್ಲಿರಲಿ, ಅದರ ಪ್ರತಿ ಸಾಕಿದವರ ಕೈಗೆ ಸಿಗಲಿ. ಕೋಶ ಚಿಕಿತ್ಸೆ ಪಡೆದ ಪ್ರತಿ ಪ್ರಾಣಿಯ ಹೆಸರು ಒಂದು ಸಾರ್ವಜನಿಕ ನೋಂದಣಿಯಲ್ಲಿ ದಾಖಲಾಗಲಿ. ಗುಣವಾದವು ಮಾತ್ರವಲ್ಲ, ಆಗದವೂ, ಕೆಟ್ಟವೂ. ಅಡ್ಡಪರಿಣಾಮವಾದರೆ ನಾವು ಯಾರಿಗೆ ಬರೆಯಬೇಕು ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಅಚ್ಚು ಮಾಡಿ. "ಮೃದ್ವಸ್ಥಿ ಮರುಬೆಳವಣಿಗೆ", "ಶಾಶ್ವತ ಪರಿಹಾರ" ಎಂಬ ಮಾತುಗಳನ್ನು ಆಧಾರ ತೋರಿಸದ ಹೊರತು ಜಾಹೀರಾತಿನಲ್ಲಿ ಬಳಸದಂತೆ ತಡೆಯಿರಿ.

ವೈದ್ಯರೇ, ನಿಮ್ಮಲ್ಲಿ ಬೇರೆಯೇ ಕೋರಿಕೆ. ಅಳೆಯಲು ದುಬಾರಿ ಯಂತ್ರ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇದ್ದರೆ ಒಳ್ಳೆಯದು, ಬಳಸಿ. ಇಲ್ಲದಿದ್ದರೆ ತೊಡೆಯ ಸುತ್ತಳತೆ ತೆಗೆಯಿರಿ, ಕೀಲು ಎಷ್ಟು ಬಾಗುತ್ತದೆ ಎಂದು ಕೋನಮಾಪಕದಿಂದ ನೋಡಿ, ಒಂದೇ ನೆಲದ ಮೇಲೆ ಒಂದೇ ಕೋನದಿಂದ ವಿಡಿಯೊ ತೆಗೆಯಿರಿ. ಆ ವಿಡಿಯೊವನ್ನು ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ತಿಳಿಯದ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಲಿವರ್‌ಪೂಲ್ ಮತ್ತು ಹೆಲ್ಸಿಂಕಿಯ ಸಂಶೋಧಕರು ನಾಯಿಯ ಕೀಲುನೋವಿಗೆಂದೇ ರೂಪಿಸಿದ ಪ್ರಶ್ನಾವಳಿಗಳಿವೆ, ಅವು ಪೂರ್ತಿ ನಿಷ್ಪಕ್ಷವಲ್ಲದಿದ್ದರೂ "ಹೇಗಿದೆ ನಾಯಿ?" ಎಂಬ ಪ್ರಶ್ನೆಗಿಂತ ಎಷ್ಟೋ ಮೇಲು. ನೋವಿನ ಮಾತ್ರೆ ನಿಲ್ಲಿಸುವುದಾದರೆ ಎಷ್ಟು ದಿನ, ಆ ದಿನಗಳಲ್ಲಿ ಬದಲಿಗೆ ಏನು ಕೊಡುತ್ತೀರಿ, ಯಾವ ಲಕ್ಷಣ ಕಂಡರೆ ಮತ್ತೆ ಶುರು ಮಾಡಬೇಕು ಎಂದು ಬರೆದುಕೊಡಿ. ಪ್ರಾಣಿಯನ್ನು ಎದುರಿಗೆ ನೋಡದೆ ಸುಧಾರಿಸಿದೆ ಎಂದು ಬರೆಯಬೇಡಿ.

ಇನ್ನೊಂದು ಮಾತು, ಚಿಕ್ಕದಾಗಿ. ಕೊಬ್ಬು ತೆಗೆಯುವ ಮೊದಲು ನಮ್ಮ ನಾಯಿಯನ್ನು ತೂಗಿದರು, ಅರಿವಳಿಕೆಯ ಲೆಕ್ಕಕ್ಕೆ. ಆ ತೂಕ ಹೆಚ್ಚಾಯಿತೆಂದು ಯಾರೂ ಹೇಳಲಿಲ್ಲ. 48 ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾವಿನವರೆಗೆ ಅನುಸರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಡಹುಟ್ಟಿದ ನಾಯಿಗಿಂತ ಶೇ 25ರಷ್ಟು ಕಡಿಮೆ ತಿಂದ ನಾಯಿಗಳು ಹತ್ತಿರ ಹತ್ತಿರ ಎರಡು ವರ್ಷ ಹೆಚ್ಚು ಬದುಕಿದವು, ಅವುಗಳಲ್ಲಿ ಕೀಲು ಸವೆತವೂ ತಡವಾಗಿ ಬಂತು. ತೂಕ ಇಳಿಸುವುದು, ಹಿತಮಿತದ ವ್ಯಾಯಾಮ, ಜಾರದ ನೆಲ, ನಿಯಮಿತ ನೋವಿನ ಮದ್ದು ಇವೆಲ್ಲ ಆದ ಮೇಲೆ ಸೂಜಿಯ ಮಾತು ಬರಲಿ. ಇವುಗಳಿಂದ ಯಾರಿಗೂ ದೊಡ್ಡ ಆದಾಯವಿಲ್ಲ ಎಂಬುದೇ ಇವುಗಳನ್ನು ಮರೆಯಲು ಕಾರಣವಾಗಬಾರದು.

ಸಂಶೋಧನಾ ಸಂಸ್ಥೆಗಳಿಗೂ ಪಶುವೈದ್ಯ ವಿಶ್ವವಿದ್ಯಾಲಯಗಳಿಗೂ ಇಷ್ಟು ಹೇಳಬೇಕು: ಕೋಶಗಳನ್ನು ಮಾರುವವರ ಹಣ ಪಡೆಯದ, ದೊಡ್ಡ ಸಂಖ್ಯೆಯ, ವರ್ಷದಾಚೆಗೂ ಪ್ರಾಣಿಗಳನ್ನು ಅನುಸರಿಸುವ ಪ್ರಯೋಗಗಳನ್ನು ನಡೆಸಿ. ಫಲ ಕಾಣದಿದ್ದರೂ ಪ್ರಕಟಿಸಿ. ನಮ್ಮಂಥವರು ನಮ್ಮ ಪ್ರಾಣಿಗಳನ್ನು ಕರೆತರಲು ಸಿದ್ಧರಿದ್ದೇವೆ. ಹುಸಿಮದ್ದಿನ ಗುಂಪಿಗೆ ಬಿದ್ದರೂ ಚಿಂತೆಯಿಲ್ಲ, ನೋವಿನ ಮದ್ದು ತಪ್ಪುವುದಿಲ್ಲ ಎಂಬ ಭರವಸೆ ಇದ್ದರೆ ಸಾಕು.

ಪ್ರಾಧಿಕಾರಗಳಿಂದ ನಾನು ಮೂರು ಪ್ರಶ್ನೆಗಳಿಗೆ ಸಾರ್ವಜನಿಕವಾಗಿ ಉತ್ತರ ಬಯಸುತ್ತೇನೆ. ಪ್ರಾಣಿಯ ಸ್ವಂತ ಕೋಶಗಳನ್ನು ಹೊರಗೆ ಬೆಳೆಸಿ ಮರಳಿ ಕೊಡುವುದನ್ನು ನೀವು ಔಷಧವೆಂದು ಪರಿಗಣಿಸುತ್ತೀರಾ, ಇಲ್ಲವಾದರೆ ಅದರ ಗುಣಮಟ್ಟಕ್ಕೆ ಹೊಣೆ ಯಾರು? ಈ ಕೋಶಗಳನ್ನು ಬೆಳೆಸುವ ಪ್ರಯೋಗಾಲಯಗಳನ್ನು ಕೊನೆಯ ಬಾರಿ ಯಾರು, ಯಾವಾಗ ಪರಿಶೀಲಿಸಿದರು? ಇದುವರೆಗೆ ಬಂದಿರುವ ಅಡ್ಡಪರಿಣಾಮದ ದೂರುಗಳು ಎಷ್ಟು, ಅವುಗಳ ಮೇಲೆ ಏನು ಕ್ರಮವಾಯಿತು? ಉತ್ತರ ಬರುವವರೆಗೆ, ನಮ್ಮ ನಾಯಿಯ ಚಿಕಿತ್ಸೆಯ ಎಲ್ಲ ಕಾಗದಗಳನ್ನು, ವಿಡಿಯೊಗಳನ್ನು, ಅಳತೆಗಳನ್ನು ನಿಮ್ಮ ಪರಿಶೀಲನೆಗೆ ಒಪ್ಪಿಸಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕೀಲುರೋಗದ ನಾಯಿಯನ್ನು ಸಾಕಿರುವ ಒಬ್ಬ ನಾಗರಿಕಳು